ಐವತ್ತೆಂಟು ಪರ್ಸೆಂಟ್

೨ ನವೆಂಬರ್ ೨೦೧೪, ಭಾನುವಾರ
ಮತ್ತೆ ಮೋರಿ ಡ್ರಾಯಿಂಗ್. ನಲವತ್ತೊಂದರಲ್ಲಿ ಇಪ್ಪತ್ತಾರು ರಸ್ತೆ ಮುಗಿದವು. ರಸ್ತೆ ಅಮೆರಿಕದ ಯಾವುದೋ ಕೌಂಟಿಯದ್ದು, ಬರೆಯುವವರು ಅಬುಧಾಬಿಯ ರೀಮ್ ಐಲ್ಯಾಂಡಿನ ಹದಿನಾರನೇ ಮಹಡಿಯ ನಾವು. ಕೌಂಟಿ ಬಾಂಡ್ ಮಾರಿ ಸಾಲ ಎತ್ತಬೇಕು. ತೀರುವುದು ಜನರ ಮನೆತೆರಿಗೆಯಿಂದ, ಹಾಗಾಗಿ ಅವರೇ ಓಟು ಹಾಕಿ ಒಪ್ಪಬೇಕು. ಮಂಗಳವಾರ ಓಟು. ಗೆದ್ದರೆ ನಮಗೆ ಮೂರು ವರ್ಷ ಕೆಲಸ. ಸೋತರೆ ಖಲಾಸ್ — ವೀಸಾ ಕ್ಯಾನ್ಸಲ್.
ಮಗಳನ್ನು ಕರೆದುಕೊಂಡು ಇಲ್ಲಿಗೆ ಬರಲು ದೀಪ್ತಿ ತಾನು ಕಲಿಸುವ ಉಡುಪಿಯ ಶಾಲೆಗೆ ರಾಜೀನಾಮೆ ಬರೆದಿಟ್ಟು ಕಾಯುತ್ತಿದ್ದಾಳೆ. ಮದುವೆಯಾಗಿ ಹತ್ತು ವರ್ಷ. ಒಟ್ಟಿಗೆ ಇದ್ದದ್ದು ಹನ್ನೊಂದು ತಿಂಗಳು.

೫ ನವೆಂಬರ್, ಬೆಳಿಗ್ಗೆ ೧೦
ಐವತ್ತೆಂಟು ಪರ್ಸೆಂಟ್ ಹೌದು ಅಂದಿದ್ದಾರೆ. ಕಣ್ಣಲ್ಲಿ ನೀರು ಬಂತು. ದೀಪ್ತಿಗೆ ಫೋನ್ ಮಾಡಿದೆ, ಲೆಟರ್ ಕೊಡು ಅಂದೆ.
"ಸರಿ ನೋಡಿದ್ರಾ?"
"ಅರ್ಧಕ್ಕಿಂತ ಎಂಟು ಜಾಸ್ತಿ ಉಂಟು ಮಾರಾಯ್ತಿ. ನಮ್ಮಲ್ಲಿ ಒಂದು ಓಟಿಗೆ ಗೆದ್ದವನೂ ಎಂಎಲ್‌ಎ ಆಗುದಿಲ್ವಾ?"
ನಕ್ಕಳು. ಮಧ್ಯಾಹ್ನದೊಳಗೆ ಕೊಟ್ಟು ಬಂದಳು.

೬ ನವೆಂಬರ್
ಆಫೀಸಿನ ಹೆಡ್ ಕ್ಯಾಮಿಲಸ್ ಸರ್ ಕರೆದರು.
"ಬಿತ್ತು ತಿಲಕ್. ಅಲ್ಲಿ ಬಾಂಡಿಗೆ ಅರವತ್ತು ಪರ್ಸೆಂಟ್ ಬೇಕಂತೆ."
"ಎಲ್ಲಿ ಉಂಟು ಹಾಗೆ?"
"ಫೈಲಿನ ಫಸ್ಟ್ ಪೇಜಲ್ಲೇ ಉಂಟು. ನಾನೂ ಓದ್ಲಿಲ್ಲ."
ನಲವತ್ತೊಂದು ರಸ್ತೆಗಳ ತಿರುವು ಬಾಯಿಪಾಠ, ಮೊದಲ ಪುಟ ಓದಿಲ್ಲ. ನನ್ನಂಥ ಪೆದ್ದ ಇನ್ನಿಲ್ಲ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ.
ರಾಜೀನಾಮೆ ಸೋಮವಾರ ಮೂರಕ್ಕೆ ಶಾಲಾ ಕಮಿಟಿಯ ಮುಂದೆ ಬರುತ್ತದೆ. ಅಷ್ಟರೊಳಗೆ ವಾಪಸ್ ತೆಗೆಯಬಹುದು. ಸಂಜೆ ಹೇಳುತ್ತೇನೆ.

೯ ನವೆಂಬರ್
ಹೇಳಲಿಲ್ಲ. ದುಬೈಗೆ ಹೋಗಿದ್ದೆ, ಅಲ್ ಕೂಜ್‌ನ ಒಂದು ವರ್ಕ್‌ಶಾಪಿಗೆ ಇಂಟರ್‌ವ್ಯೂ. ಅದು ಸಿಕ್ಕಿದರೆ ಹೇಳುವ ಅಗತ್ಯವೇ ಇಲ್ಲ... ನಾಳೆ ತಿಳಿಸುತ್ತಾರಂತೆ.

೧೦ ನವೆಂಬರ್, ಸೋಮವಾರ
ಹನ್ನೊಂದಕ್ಕೆ ಮೆಸೇಜ್ ಬಂತು. ಸಿಕ್ಕಲಿಲ್ಲ. ಫೋನ್ ಕೈಯಲ್ಲೇ ಇತ್ತು. ಊರಿನಲ್ಲಿ ಮೂರು ಗಂಟೆ ಆಗುವುದನ್ನು ನೋಡುತ್ತಾ ಕೂತೆ. ಹೇಡಿ ನಾನು.

೧೩ ನವೆಂಬರ್
ಮಗಳ ಫೋನ್.
"ಪಪ್ಪ, ಅಮ್ಮನಿಗೆ ಶಾಲೆಯಲ್ಲಿ ಶಾಲು ಹಾಕಿದ್ರು. ಹೊಸ ಟೀಚರ್ ಬಂದಾಯ್ತು. ನನ್ನ ಟಿಸಿನೂ ಸಿಕ್ಕಿತು. ಅಲ್ಲಿ ನನ್ನ ರೂಮಿಗೆ ಕಿಟಕಿ ಉಂಟಾ?"
ಉಂಟು ಅಂದೆ.
"ಎಂತ ಕಾಣ್ತದೆ?"
ಸಮುದ್ರ ಅಂದೆ. ಬಾಯಿಗೆ ಬಂದದ್ದು.
ಅಮ್ಮನಿಗೆ ಕೊಡ್ತೇನೆ ಅಂದಳು ಅಶ್ಮಿತಾ.
"ಹೇಳಿ," ಅಂದಳು ದೀಪ್ತಿ. ಖುಷಿಯಲ್ಲಿದ್ದಳು. ಐವತ್ತೆಂಟು ಸಾಲಲಿಲ್ಲ, ಕೆಲಸ ಹೋಯ್ತು ಅಂದೆ.