ಮೂಗಿನ ಸಿಸ್ಟರ್‌ಗೆ ಸನ್ಮಾನವಾದ ದಿನ

ಪ್ರೀತಿಯ ಸಿಸ್ಟರ್,

ನಿಮ್ಮ ಸನ್ಮಾನದ ದಿನ ರೋಗಿಗಳ ಪರವಾಗಿ ಎರಡು ಮಾತಾಡಲೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಬಾಯಿ ತೆರೆದೆ, ಆದರೆ ಮಾತಿನ ಬದಲು ವಾಂತಿ ಬಂತು, ಅದೂ ಮುಖ್ಯ ಅತಿಥಿಯ ಕೋಟಿನ ತೋಳಿನ ಮೇಲೆ. ಆ ಎರಡು ಮಾತು ನನ್ನಲ್ಲೇ ಉಳಿದವು. ಈಗ ಬರೆಯಲು ಕೂತರೆ ಎರಡಕ್ಕೇ ನಿಲ್ಲುವ ಲಕ್ಷಣ ಕಾಣುತ್ತಿಲ್ಲ, ಏಕೆಂದರೆ ಅವತ್ತಿನ ಅಸಹ್ಯ ಇನ್ನೂ ಗಂಟಲಲ್ಲೇ ಕೂತಿದೆ. ಬಸ್ಸಿನಲ್ಲಿ ಕಂಡಕ್ಟರಮ್ಮನಾಗಿ ವರ್ಷಗಟ್ಟಲೆ ‘ಒಳಗೆ ಹೋಗ್ರೀ, ಒಳಗೆ ಹೋಗ್ರೀ’ ಎಂದು ಕೂಗಿದ ಬಾಯಿ ಇದು. ಕ್ಯಾನ್ಸರ್ ಬಂತೆಂದು ಮೆತ್ತಗಾಗಿಲ್ಲ.

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ಸನ್ಮಾನ ಯಾಕೆಂಬುದನ್ನು ಅವತ್ತು ಯಾರೂ ಹೇಳಲಿಲ್ಲವಲ್ಲ. ಒಬ್ಬರು ನಿಮ್ಮನ್ನು ತಾಯಿ ಎಂದರು, ಇನ್ನೊಬ್ಬರು ದೇವತೆ ಎಂದರು. ಕನ್ನಡಕದ ಆ ಮನುಷ್ಯ ಮೇಣದಬತ್ತಿ ಎಂದರು. ಮೇಣದಬತ್ತಿಯಂತೆ, ಕರ್ಮ! ಓದಿ, ಹುಡುಕಿ, ಸಾಬೀತು ಮಾಡಿ ಡಾಕ್ಟರೇಟ್ ಪಡೆದ ಹೆಂಗಸನ್ನು ಹೊಗಳಲು ಇವರಿಗೆ ಸಿಕ್ಕಿದ್ದು ಕರಗಿ ಹೋಗುವ ಮೇಣ. ನೀವು ಏನು ಕಂಡುಹಿಡಿದಿರಿ ಎಂದು ಒಬ್ಬರಾದರೂ ಬಾಯಿಬಿಟ್ಟರೇ? ಗೊತ್ತಿದ್ದರಲ್ಲವೇ ಬಿಡುವುದು.

ನನಗೆ ಗೊತ್ತು. ಎರಡನೇ ಸಲ ಕೀಮೋ ಹಾಕಿಸಿಕೊಂಡ ಮೇಲೆ ಆಸ್ಪತ್ರೆಯ ಕಡೆ ಹೋಗುವ ಬಸ್ಸು ಕಂಡರೂ ಹೊಟ್ಟೆ ತೊಳಸುತ್ತಿತ್ತು. ‘ಸತ್ರೆ ಸಾಯ್ತೀನಿ, ಆ ಕಡೆ ಮಾತ್ರ ತಲೆ ಹಾಕಲ್ಲ’ ಎಂದು ಹಟ ಹಿಡಿದಿದ್ದೆ. ನಮ್ಮ ಮನೆಯವರು ಬೇಡಿಕೊಂಡು, ಬೈದು, ಕೊನೆಗೆ ಅತ್ತು ಕರೆತಂದರು. ದೊಡ್ಡ ಡಾಕ್ಟರು ಮಾತ್ರೆ ಬದಲಿಸಿ ಹೋದರು. ನೀವು ಕುರ್ಚಿ ಎಳೆದುಕೊಂಡು ಕೂತು, ‘ವಾಂತಿ ಬರೋಕೆ ಸ್ವಲ್ಪ ಮುಂಚೆ ಮೂಗಿಗೆ ಏನು ಬಡೀತು, ಯೋಚನೆ ಮಾಡಿ ಹೇಳಿ’ ಎಂದಿರಿ. ಈಯಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಯೋಚಿಸಿದಾಗ ಒಂದೊಂದೇ ನೆನಪಾಯಿತು: ಊಟದ ಡಬ್ಬಿಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆದ ಹಬೆ, ನೆಲ ಒರೆಸಿದ ಫಿನಾಯಿಲ್, ನೋಡಲು ಬಂದ ನನ್ನ ನಾದಿನಿ ಮೈತುಂಬ ಸುರಿದುಕೊಂಡಿದ್ದ ಸೆಂಟು.

ಆಮೇಲೆ ತಾನೇ ತಿಳಿದದ್ದು, ನೀವು ಇದನ್ನೇ ವರ್ಷಗಳಿಂದ ಹಿಡಿದು ಕೂತಿದ್ದೀರಿ ಎಂದು. ಒಂದು ವಾರ್ಡನ್ನು ಹಳೆಯ ಪದ್ಧತಿಗೆ ಬಿಟ್ಟು, ಇನ್ನೊಂದರಲ್ಲಿ ವಾಸನೆಗಳನ್ನೆಲ್ಲ ಬಾಗಿಲಾಚೆ ಇಟ್ಟು ಹೋಲಿಸಿದಿರಿ. ನಿಮ್ಮ ವಾರ್ಡಿನಲ್ಲಿ ಊಟದ ಮುಚ್ಚಳವನ್ನು ಹೊರಗೇ ತೆಗೆದು, ಹಬೆ ಹೋದ ಮೇಲೆ ತಟ್ಟೆಯನ್ನು ಒಳಗೆ ತರಬೇಕು. ಹೂವು, ಸೆಂಟು, ಪೌಡರು ಯಾವುದಕ್ಕೂ ಪ್ರವೇಶವಿಲ್ಲ. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಮೂಸಿ ನೋಡುತ್ತಿದ್ದ ನಿಮಗೆ ನಾವು ‘ಮೂಗಿನ ಸಿಸ್ಟರ್’ ಎಂದು ಹೆಸರಿಟ್ಟೆವು. ದೊಡ್ಡ ಡಾಕ್ಟರನ್ನೇ ಒಂದು ದಿನ ತಡೆದು, ‘ಸರ್, ಶೇವಿಂಗ್ ಲೋಷನ್ ಜಾಸ್ತಿ ಆಯ್ತು, ಮುಖ ತೊಳ್ಕೊಂಡು ಬನ್ನಿ’ ಎಂದಿರಲ್ಲ, ನಾವೆಲ್ಲ ಹೊದಿಕೆ ಬಾಯಿಗೆ ಒತ್ತಿಕೊಂಡು ನಕ್ಕಿದ್ದೆವು. ಅವರು ಗೊಣಗುತ್ತಲೇ ಹೋಗಿ ತೊಳೆದುಕೊಂಡು ಬಂದರು.

ವಾಂತಿ ಕಡಿಮೆಯಾಯಿತು. ಅದಕ್ಕಿಂತ ದೊಡ್ಡದನ್ನು ನೀವೇ ನನಗೆ ಬಿಡಿಸಿ ಹೇಳಿದ್ದಿರಿ: ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಓಡಿಹೋಗುವವರು ಕಡಿಮೆಯಾದರು. ಈಗ ಬೇರೆ ಬೇರೆ ಆಸ್ಪತ್ರೆಗಳಲ್ಲಿ ನಿಮ್ಮ ಪದ್ಧತಿ ನಡೆಯುತ್ತಿದೆಯಂತೆ. ಇದು ಸೇವೆಯಲ್ಲ, ತ್ಯಾಗವಲ್ಲ, ಅಪ್ಪಟ ತಲೆಯ ಕೆಲಸ. ಇದಕ್ಕೆ ನಿಮಗೆ ಮನಸಾರೆ ಅಭಿನಂದನೆ.

ಇನ್ನು ಬೈಗುಳ. ‘ಇಷ್ಟೆಲ್ಲಾ ಓದಿ ಮೂಸೋ ಕೆಲಸನಾ ಮಾಡೋದು?’ ಎಂದು ನಗಾಡಿದ್ದ ಆಡಳಿತಾಧಿಕಾರಿಯೇ ಅವತ್ತು ವೇದಿಕೆಯ ಮೇಲೆ ‘ನಮ್ಮ ಸಂಸ್ಥೆಯ ಹೆಮ್ಮೆ’ ಎಂದು ನಿಮ್ಮ ಪಕ್ಕ ಹಲ್ಲು ಕಿರಿಯುತ್ತ ನಿಂತಿದ್ದರು. ಫೋಟೋದಲ್ಲಿ ರೋಗಿಗಳು ಕಾಣಬೇಕೆಂದು ಕಾರ್ಯಕ್ರಮವನ್ನು ನಿಮ್ಮ ವಾರ್ಡಿನೊಳಗೇ ಇಟ್ಟರು. ಮೂಲೆಮೂಲೆಗೂ ಹೂಗುಚ್ಛ. ಅತಿಥಿಗಳಿಗೆ ಕೈ ಒರೆಸಿಕೊಳ್ಳಲು ಪನ್ನೀರಿನ ಟವೆಲ್ಲು. ಹಿಂದಿನ ಮೇಜಿನ ಮೇಲೆ ಬಿಸಿಬಿಸಿ ಕರಿದ ತಿಂಡಿಯ ಪಾತ್ರೆಗಳು, ಅವುಗಳ ಮುಚ್ಚಳವನ್ನೂ ತೆಗೆದಿಟ್ಟಿದ್ದರು. ಹೂವಿನ ಘಾಟಿಗೆ ಎಣ್ಣೆಯ ಕಮಟು ಬೆರೆತು, ಉಸಿರೆಳೆದರೆ ನಾಲಿಗೆಗೆ ಅಂಟುತ್ತಿತ್ತು. ಥೂ! ಬರೆಯುವಾಗಲೂ ವಾಕರಿಕೆ ಬಂದು, ಎದ್ದು ಉಗಿದು ಬಂದೆ.

ಅಷ್ಟು ಸಾಲದೆಂದು ಆ ಯಂತ್ರ ಬೇರೆ. ಮುಖ್ಯ ಅತಿಥಿ ಸೋಪಿನ ಕಂಪನಿಯ ಮಾಲೀಕ. ನಿಮ್ಮ ಪ್ರಬಂಧದ ತಲೆಬರಹದಲ್ಲಿ ‘ವಾಸನೆ’ ಎಂಬ ಪದ ಕಂಡಿದ್ದೇ ತಡ, ಒಳಗೇನಿದೆಯೆಂದು ಯಾರೂ ಪುಟ ತಿರುವಲಿಲ್ಲ. ವಾರ್ಡಿಗೆ ಒಳ್ಳೆಯ ವಾಸನೆ ಬೇಕಂತೆ ಎಂದುಕೊಂಡು, ಸುಗಂಧ ಚಿಮ್ಮಿಸುವ ಯಂತ್ರವನ್ನೇ ತಂದು ಬಾಗಿಲಿಗೆ ಜಡಿದರು. ಅದರ ಕೆಳಗೆ ಹಿತ್ತಾಳೆಯ ಫಲಕ, ಫಲಕದಲ್ಲಿ ನಿಮ್ಮ ಹೆಸರು! ಅತಿಥಿ ಗುಂಡಿ ಒತ್ತಿದರು, ಅದು ಬುಸ್ಸೆಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಮಾತಾಡಲು ಏಳುತ್ತಿದ್ದಂತೆ ಆತ ಫೋಟೋಗೆಂದು ನನ್ನ ಭುಜ ಬಳಸಿ ಹತ್ತಿರಕ್ಕೆಳೆದುಕೊಂಡರು. ಮುಂದಿನದು ನಿಮಗೆ ಗೊತ್ತು.

‘ಅಯ್ಯೋ ಛೀ, ಫೋಟೋ ತೆಗೀಬೇಡ್ರಿ!’ ಎಂದು ಆಡಳಿತಾಧಿಕಾರಿ ಚೀರಿದರು. ಅಷ್ಟು ಹೊತ್ತು ನನ್ನನ್ನು ‘ಹೋರಾಟಗಾರ್ತಿ’ ಎನ್ನುತ್ತಿದ್ದವರೆಲ್ಲ ಕರ್ಚೀಫು ಮೂಗಿಗೆ ಹಿಡಿದು ಹಿಂದೆ ಸರಿದರು. ಯಾರೋ ಪುಣ್ಯಾತ್ಮ ನನ್ನ ವಾಂತಿಯ ವಾಸನೆ ಅಡಗಿಸಲು ಯಂತ್ರದ ಗುಂಡಿಯನ್ನು ಮತ್ತೆರಡು ಸಲ ಒತ್ತಿದ. ಹಿಂದಿನ ಮಂಚದ ಅಜ್ಜಿಗೂ ಶುರುವಾಯಿತು. ನನಗೆ ನಾಚಿಕೆಯಾಗಲಿಲ್ಲ, ಸಿಸ್ಟರ್. ಅವರನ್ನು ಕಂಡು ಹೇಸಿಗೆಯಾಯಿತು.

ಅಷ್ಟರಲ್ಲಿ ನೀವು ಓಡಿಬಂದಿರಿ. ಕುತ್ತಿಗೆಯಲ್ಲಿ ಪದಕ ನೇತಾಡುತ್ತಿತ್ತು. ನೇರ ನನ್ನ ಹತ್ತಿರ ಬರುತ್ತೀರಿ ಅಂದುಕೊಂಡೆ. ನೀವು ಮೊದಲು ಆತನ ತೋಳು ಒರೆಸಿ, ‘ಕ್ಷಮಿಸಿ ಸರ್, ತಪ್ಪಾಯ್ತು’ ಎಂದಿರಿ. ಆಮೇಲೆ ನನ್ನನ್ನು ಹೊದಿಕೆಗಳನ್ನಿಡುವ ಕೋಣೆಗೆ ಕರೆದೊಯ್ದು, ಕಿಟಕಿ ತೆರೆದು, ಬೆನ್ನು ಸವರಿ ನೀರು ಕುಡಿಸಿದಿರಿ. ‘ಯಾರ ತಪ್ಪು? ನೀವ್ಯಾಕೆ ಕ್ಷಮೆ ಕೇಳಿದ್ರಿ?’ ಎಂದು ಕೇಳಿದ್ದಕ್ಕೆ, ‘ಅಭ್ಯಾಸ ಆಗ್ಬಿಟ್ಟಿದೆ ಕಣಮ್ಮ’ ಎಂದಿರಿ. ಅವರೆಲ್ಲರ ಅಷ್ಟುದ್ದದ ಭಾಷಣಗಳಿಗಿಂತ ಈ ಒಂದು ಮಾತು ನನ್ನನ್ನು ಹೆಚ್ಚು ಕೆಣಕಿತು.

ಮೊನ್ನೆ ನನ್ನ ಮುಂದಿನ ಕೀಮೋ ಇತ್ತು. ನಾನು ಬರಲಿಲ್ಲ. ಅದಕ್ಕೂ ಹಿಂದಿನ ದಿನ ಮಾತ್ರೆ ತರಲು ಬಂದಿದ್ದ ನಮ್ಮ ಮನೆಯವರು ಮನೆಗೆ ಬಂದು ಹೇಳಿದರು: ‘ಅದಿನ್ನೂ ಬುಸ್ ಬುಸ್ ಅಂತಾನೇ ಇದೆ ಕಣೇ. ಸಿಸ್ಟರ್ ಆಫೀಸಿಗೆ ಹೇಳಿದಾರಂತೆ, ಅಪ್ಪಣೆ ಬರ್ಬೇಕಂತೆ.’ ನನಗೋಸ್ಕರ ತಿಂಗಳುಗಟ್ಟಲೆ ವಾಸನೆಯಿಲ್ಲದ ಸೋಪು ಹಚ್ಚಿಕೊಂಡು ಓಡಾಡುವ ಮನುಷ್ಯ ಅವರು. ಹೇಳಿ ಮುಗಿಸಿ ಗೋಡೆ ಕಡೆ ತಿರುಗಿ ಕೂತರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪಣೆಯಂತೆ! ದೊಡ್ಡ ಡಾಕ್ಟರನ್ನು ಮುಖ ತೊಳೆಯಲು ಕಳಿಸುವಾಗ ಯಾರ ಅಪ್ಪಣೆ ಕೇಳಿದ್ದಿರಿ? ಆಗ ನಿಮಗೆ ಪದಕವೂ ಇರಲಿಲ್ಲ. ಒಂದು ಪದಕ ಹಾಕಿದ್ದಕ್ಕೇ ಕತ್ತು ಇಷ್ಟು ಬಗ್ಗಿತೇ?

ಕಟುವಾಗಿ ಬರೆದೆ. ಅಳಿಸುವುದಿಲ್ಲ. ಬಾಗಿಲಲ್ಲಿ ಆ ಘಾಟು ಇರುವವರೆಗೆ ನನ್ನ ಕಾಲು ಒಳಗೆ ಬರುವುದಿಲ್ಲ, ಮನಸ್ಸು ಮಾಡಿದರೂ ಹೊಟ್ಟೆ ಕೇಳುವುದಿಲ್ಲ. ಬರದೇ ಉಳಿದರೆ ಗಡ್ಡೆ ಸುಮ್ಮನಿರುವುದಿಲ್ಲ, ಅದೂ ನನಗೆ ಗೊತ್ತು. ಹಿಂದೆ ಸತ್ತರೆ ಸಾಯುತ್ತೇನೆ ಅಂದಿದ್ದೆ, ಅದು ಬರೀ ಬಾಯಿಮಾತು. ನನಗೆ ಬದುಕಬೇಕು, ಸಿಸ್ಟರ್. ಭಯವಾಗುತ್ತಿದೆ.

ಬರುವ ಮಂಗಳವಾರ ಬೆಳಿಗ್ಗೆ ಬರುತ್ತೇನೆ. ಅಷ್ಟರೊಳಗೆ ಆ ಯಂತ್ರದ ವೈರನ್ನು ನಿಮ್ಮ ಕೈಯಾರೆ ಕಿತ್ತುಹಾಕಿ, ಹೆಸರು ನಿಮ್ಮದೇ ತಾನೇ. ನೀವು ಕೀಳದಿದ್ದರೆ ಮೂಗಿಗೆ ಸೆರಗು ಒತ್ತಿ ಹಿಡಿದು ನಾನೇ ಕೀಳುತ್ತೇನೆ. ಗಲಾಟೆಯಾಗುತ್ತದೆ, ಆಡಳಿತಾಧಿಕಾರಿ ಓಡಿ ಬರುತ್ತಾರೆ, ಬರಲಿ. ಅವರು ಕೂಗಾಡುವಾಗ ನೀವು ನನ್ನ ಪಕ್ಕ ನಿಂತಿರಿ, ಅಷ್ಟು ಸಾಕು. ಆದರೆ ನನ್ನ ಪರವಾಗಿ ಅವರ ಹತ್ತಿರ ಕ್ಷಮೆ ಮಾತ್ರ ಕೇಳಬೇಡಿ.

ನೂರು ಕಾಲ ತಲೆಯೆತ್ತಿ ಬಾಳಿ ಎಂದು ಹರಸುವ,
ನಿಮ್ಮ ಕಿಟಕಿ ಪಕ್ಕದ ಮಂಚದ ಕಂಡಕ್ಟರಮ್ಮ