ನಮ್ಮ ಬೀದಿಯ ಕೊಪ್ಪರಿಗೆ

ನಗರಾಡಳಿತದ ಜನಾಂಗ ಸೌಹಾರ್ದ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಬೀದಿಯ ಕೊಪ್ಪರಿಗೆಯನ್ನು ತಾವು ಲಾರಿಗೆ ಹೇರಿಸಿಕೊಂಡು ಹೋಗಿದ್ದೀರಿ. ಅದು ವಾಪಸು ಬೇಕು. ಸೌಹಾರ್ದಕ್ಕಾಗಿ ಒಯ್ದೆವು ಎಂದಿರಿ. ಇದ್ದಬದ್ದ ಸೌಹಾರ್ದವೂ ಅದೇ ಲಾರಿ ಹತ್ತಿತು.

ವಸಂತದ ಹೊಸ ವರ್ಷವಾದ ನವ್ರೋಜ್ ಹಬ್ಬಕ್ಕೆ ಪ್ರತಿ ಸಲವೂ ಬೀದಿಯ ಹೆಂಗಸರೆಲ್ಲ, ಕಿರ್ಗಿಜರು ಉಜ್ಬೆಕರು ಎನ್ನದೆ, ಅದರಲ್ಲಿ ಮೊಳಕೆ ಗೋಧಿಯ ಸಿಹಿಗಂಜಿ ಸುಮಲಕ್ ಕಾಯಿಸುತ್ತಿದ್ದೆವು. ತಳ ಹಿಡಿಯದಿರಲೆಂದು ಹೊಳೆಯ ಕಲ್ಲು ಹಾಕಿ, ಸರದಿಯಂತೆ ತಿರುವುತ್ತ, ಅತ್ತೆಯರನ್ನು ಬೈದುಕೊಳ್ಳುತ್ತ. ಈ ವರ್ಷ ತಮ್ಮ ಆದೇಶ ಬಂತು: ಬೀದಿಯಲ್ಲಿ ಒಲೆ ಹೂಡುವಂತಿಲ್ಲ, ಚೌಕದಲ್ಲಿ ಜನಾಂಗಕ್ಕೊಂದು ಕೊಪ್ಪರಿಗೆ, ಅದಕ್ಕೊಂದು ಫಲಕ, ಅತ್ಯುತ್ತಮ ಜನಾಂಗಕ್ಕೆ ಬಹುಮಾನ. ವೈವಿಧ್ಯವನ್ನು ಕಾಪಾಡುವುದೆಂದರೆ ಉಪ್ಪಿನಕಾಯಿ ಜಾಡಿಗಳಂತೆ ಚೀಟಿ ಅಂಟಿಸಿ ಸಾಲಾಗಿ ಇಡುವುದೇ?

ಲಾರಿಯಲ್ಲಿ ಬಂದ ತಮ್ಮ ಸಹಾಯಕನನ್ನು ಕೇಳಿದೆ: "ನಾನು ಉಜ್ಬೆಕ್, ನನ್ನ ಗಂಡ ಕಿರ್ಗಿಜ್. ಈ ಮಗು ಯಾವ ಕೊಪ್ಪರಿಗೆಗೆ?"

"ಅಪ್ಪನ ಕಡೆ ನಿಲ್ಸಿ ಅಕ್ಕಾ. ನೀವು ಬೇಕಾದ್ರೆ ಆ ಕಡೆ ಹೋಗಿ ತಿಂದ್ಕೊಂಡು ಬನ್ನಿ."

ಎದುರುಮನೆಯ ಬುರುಲ್ಚಾ ಅಜ್ಜಿ ಸೌಟು ಹಿಡಿದೇ ಬಂದರು: "ಗೋಧೀನ ಏನ್ ಮಾಡ್ತೀಯಪ್ಪಾ? ಎಲ್ಲಾರ್ದೂ ಒಟ್ಟಿಗೇ ನೆನೆಸ್ಬಿಟ್ಟಿದೀವಿ. ಯಾರ್ದು ಯಾವ್ದು ಅಂತ ಆರಿಸ್ಕೊಡ್ತೀಯಾ?"

ಆತನೂ ನಕ್ಕ. ನಗುತ್ತಲೇ ಹೇರಿಸಿದ.

ಕಿರ್ಗಿಜರ ಉಜ್ಬೆಕರ ಗಲಭೆಯಲ್ಲಿ ಊರು ಹೊತ್ತಿ ಉರಿದ ಆ ಜೂನ್‌ನಲ್ಲಿ ನಾನು ಶಾಲೆಯ ಹುಡುಗಿ. ಉಜ್ಬೆಕರನ್ನು ಹುಡುಕುತ್ತ ಗುಂಪು ಬಂದಾಗ ಅಮ್ಮನನ್ನೂ ನನ್ನನ್ನೂ ನೆಲಮಾಳಿಗೆಯಲ್ಲಿ ಅಡಗಿಸಿ ಬಾಗಿಲಿಗೆ ಅಡ್ಡ ಕೂತವರು ಇದೇ ಬುರುಲ್ಚಾ ಅಜ್ಜಿ, ಕಿರ್ಗಿಜರು. ಯಾಕೆಂದು ಆಮೇಲೆ ಕೇಳಿದ್ದಕ್ಕೆ, "ನಿಮ್ಮಮ್ಮ ವರ್ಷಾ ವರ್ಷಾ ನನ್ ಪಕ್ಕ ನಿಂತು ತಿರುವ್ತಾಳಲ್ಲೇ, ಇನ್ನೇನು ಮಾಡ್ಲಿ?" ಎಂದಿದ್ದರು. ಸಂವಿಧಾನ, ಅಲ್ಪಸಂಖ್ಯಾತರ ಹಕ್ಕು, ಎಲ್ಲವನ್ನೂ ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ. ಅವು ಬೇಕು, ಬೇಡವೆನ್ನುತ್ತಿಲ್ಲ. ಆದರೆ ಆ ದಿನ ಕಾನೂನು ನಮ್ಮ ಬೀದಿಗೆ ಬರಲಿಲ್ಲ, ಬಂದದ್ದು ಅವರೊಬ್ಬರೇ. ಮತ ಎಣಿಸಿ ಸರ್ಕಾರ ಕಟ್ಟಬಹುದು, ಮಾನ್ಯರೇ. ಮನುಷ್ಯರನ್ನು ಪಂಗಡವಾಗಿ ಎಣಿಸಿ ನೆರೆಹೊರೆ ಕಟ್ಟಲಾದೀತೇ?

ಚೌಕದಲ್ಲಿ ಕಿರ್ಗಿಜರ ಕೊಪ್ಪರಿಗೆಗೆ ಬಹುಮಾನ ಘೋಷಣೆಯಾಯಿತು. ಸಂಜೆ ನಮ್ಮ ಬೀದಿಯಲ್ಲಿ ಕೇಳಿದ್ದು:

"ಯಾವಾಗ್ಲೂ ನಿಮ್ಮೋರಿಗೇ ತಾನೆ!"

"ಸರಿಹೋಗ್ಲಿಲ್ವಾ? ಹಂಗಾದ್ರೆ ನಿಮ್ಮ ದೇಶಕ್ಕೇ ಹೋಗಿ!"

ಆ ಜೂನ್ ಕಳೆದ ಮೇಲೆ ಇಲ್ಲಿ ಈ ಮಾತು ಕೇಳಿರಲಿಲ್ಲ. ಈಗ ಮಗಳು ಮಲಗಿದರೂ ನನಗೆ ನಿದ್ದೆಯಿಲ್ಲ. ಬುರುಲ್ಚಾ ಅಜ್ಜಿಗೆ ವಯಸ್ಸಾಯಿತು. ನಾಳೆ ಇವಳಿಗೆ ಬಾಗಿಲು ತೆರೆಯುವವರು ಯಾರು? ತಮ್ಮ ಫಲಕವೇ?

ಆದೇಶ ಹಿಂಪಡೆಯಿರಿ. ಕೊಪ್ಪರಿಗೆಯನ್ನು ಎತ್ತಿದಲ್ಲಿಗೇ ತಂದು ಇಳಿಸಿ. ಬೇಗ ಇಳಿಸಿ. ಅದರೊಳಗೆ ನಾವು ಹಾಕಿಟ್ಟಿದ್ದ ಕಲ್ಲುಗಳನ್ನು ತಮ್ಮವರು ರಸ್ತೆಯಲ್ಲೇ ಸುರಿದು ಹೋಗಿದ್ದಾರೆ. ನಿನ್ನೆ ಎರಡೂ ಕಡೆಯ ಹುಡುಗರು ಅವನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು.

ಇಂತಿ,
ಯಾವ ಫಲಕದ ಕೆಳಗೂ ನಿಲ್ಲಲಾಗದ ಮಗುವಿನ ತಾಯಿ,
ಮುನವ್ವರ್