ಸಾಲ ಮಾಡದವರ ಮಗಳು

ಅಕ್ಟೋಬರ್ 6, ಬೆಳಿಗ್ಗೆ 11

ಎರಡನೇ ಪೇಷಂಟ್ ಇನ್ನೂ ಬಂದಿಲ್ಲ. ಮೊದಲನೆಯವರಾದ ಅಮೀರ್ ಸಾಬ್ ಇವತ್ತು ಲಕ್ವ ಹೊಡೆದ ಕೈಯಲ್ಲೇ ಚಹಾ ಕಪ್ ಎತ್ತಿದರು. ಅರ್ಧ ಚಹಾ ನನ್ನ ಏಪ್ರನ್ ಮೇಲೆ. "ಉಳದದ್ದು ನಾನಽ ಕುಡದೀನಿ ನೋಡವ್ವಾ!" ಕ್ಲಿನಿಕ್ಕಿಗೆ ಕ್ಲಿನಿಕ್ಕೇ ಚಪ್ಪಾಳೆ.

ಅಷ್ಟರಲ್ಲಿ ಮೆಸೇಜ್. ಎಂಪಿಟಿ ಸೀಟು ಸಿಕ್ಕಿದೆ — ಹುಬ್ಬಳ್ಳಿ, ಅದೂ ನ್ಯೂರೋ, ನರಗಳ ವಿಭಾಗ! ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್. ರಾಯಚೂರಿನ ಈ ಕೆಲಸ ಹಿಡಿದಾಗಿನಿಂದ ಇದಕ್ಕೇ ಓದಿದ್ದು. ಹದಿನೇಳರೊಳಗೆ ಫೀ ಕಟ್ಟಬೇಕು. ಇರಲಿ. ಎಜುಕೇಶನ್ ಲೋನ್ ಅಂತ ಒಂದಿದೆಯಲ್ಲ.

ಅಕ್ಟೋಬರ್ 8

ಲೋನ್ ಇದೆ... ನನಗಲ್ಲ.

ಬ್ಯಾಂಕಿನ ಆಫೀಸರ್ ನನ್ನ ಪ್ಯಾನ್ ನಂಬರ್ ಹಾಕಿ ನೋಡಿದರು. ಸಾಲದ ಹಿಸ್ಟರಿ ಇಲ್ಲ. ಜೊತೆಗೆ ಸಹಿ ಹಾಕಲು ಅಪ್ಪ ಇದ್ದಾನೆ ಎಂದೆ. ಅವನ ನಂಬರ್ ಹಾಕಿದರು. ಅದೂ ಖಾಲಿ.

"ನಿಮ್ಮ ತಂದಿ ಒಂದ್ ಸಲಾನೂ ಸಾಲ ತೊಗೊಂಡಿಲ್ಲೇನ್ರಿ?"

"ಇಲ್ರಿ ಸರ್. ಅದಽ ಅವರ ಹೆಮ್ಮಿ."

"ಇಲ್ಲಿ ಅದಽ ತ್ರಾಸ್ ಆಗ್ಯಾದ್ರಿ. ಸಾಲ ತೊಗೊಂಡು ಸರಿಯಾಗಿ ತೀರಿಸಿದೋರ್ನ ಯಾರನ್ನರ ಕರ್ಕೊಂಡು ಬರ್ರಿ."

ನಮ್ಮೂರು ಮಾನ್ವಿ ಬರುವವರೆಗೂ ಬಸ್ಸಿನಲ್ಲಿ ಸಿಟ್ಟು, ನಗು, ಎರಡೂ. ಗೋಡೆ ಕಟ್ಟುವ ಗೌಂಡಿ ಕೆಲಸದ ಅಪ್ಪ ಓಣಿಯಲ್ಲೆಲ್ಲ ಹೇಳುವುದು ಒಂದೇ ಮಾತು — ಈ ಮಲ್ಲಯ್ಯನ ಮನೆಯೊಳಗೆ ಸಾಲ ಕಾಲಿಟ್ಟಿಲ್ಲ.

ಅಕ್ಟೋಬರ್ 9, ಸಂಜೆ

ಹೇಳಿಬಿಟ್ಟೆ. ಅಪ್ಪನ ಮುಖ ಸಣ್ಣದಾಯಿತು. "ಹಂಗಾದ್ರ ನಂದಽ ತಪ್ಪಾತೇನವ್ವಾ?"

"ಇಲ್ಲ ಯಪ್ಪಾ..."

ಅವ್ವ ಖಾನಾವಳಿಗಳಿಗೆ ಕೊಡುವ ರೊಟ್ಟಿ ಮಾಡುತ್ತಿದ್ದಳು. ಮಷೀನ್ ಬಂದ್ ಮಾಡಿದಳು. "ಸೋಮವಾರ ದೇವದುರ್ಗಕ್ಕ ಹೋಗೂಣು."

"ಅಲ್ಲಿ ಏನದ ಬೇ?"

"ಬ್ಯಾಂಕ್ ಅದ."

ಅಷ್ಟೇ. ಮತ್ತೆ ಮಷೀನ್ ಚಾಲೂ. ನಾನೂ ಬರುತ್ತೇನೆ ಎಂದ ಅಪ್ಪ. ಅವ್ವ ಯಾಕೋ ಬೇಡ ಎನ್ನಲು ಬಾಯಿ ತೆರೆದು, ಮುಚ್ಚಿದಳು.

ಅಕ್ಟೋಬರ್ 13, ಮಧ್ಯಾಹ್ನ 3, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಆದರೂ ಬರೆಯಲೇಬೇಕು.

ದೇವದುರ್ಗದ ಮ್ಯಾನೇಜರ್ ಉದಯಕುಮಾರ್ ಅವ್ವನನ್ನು ನೋಡಿದ್ದೇ ನಕ್ಕರು. "ಬರ್ರಿ ಗೋಪಮ್ಮ, ಈ ಸಲ ಯಾವ ಮಷೀನ್‌ರೀ?"

ಅಪ್ಪ ಹಿಂದೆ ತಿರುಗಿ ನೋಡಿದ. ಬೇರೆ ಯಾರೋ ಗೋಪಮ್ಮ ಬಂದಿರಬೇಕು ಎನ್ನುವಂತೆ.

ಎಲ್ಲ ಹೊರಬಿತ್ತು. ಹಿಟ್ಟಿನ ಗಿರಣಿಗೆ ಒಂದು ಸಾಲ, ಅದು ತೀರಿದ ಮೇಲೆ ರೊಟ್ಟಿ ಮಷೀನಿಗೆ ಇನ್ನೊಂದು. ಜಾಲಹಳ್ಳಿಯ ತವರಿಗೆ ಹೋಗಿ ಬರುತ್ತೇನೆಂದು ಹೊರಟಾಗಲೆಲ್ಲ ದಾರಿಯಲ್ಲಿ ಇಳಿದು ಕಂತು ಕಟ್ಟಿದ್ದಾಳೆ. ಒಂದೂ ತಪ್ಪಿಲ್ಲ. ಸಾಲ ಕೊಡುವಾಗ ಬ್ಯಾಂಕಿನವರು ನೋಡುವ ಕ್ರೆಡಿಟ್ ಸ್ಕೋರ್ ಏಳುನೂರ ಎಂಬತ್ತೊಂದು! ನನ್ನ ಲೋನಿಗೆ ಅವಳ ಸಹಿ ನಡೆಯುತ್ತದಂತೆ.

"ಕೂಡಿಟ್ಟ ರೊಕ್ಕದಾಗ ತಂದೀನಿ ಅಂದಿದ್ದಿ?" ಅಪ್ಪನ ದನಿ ಗಟ್ಟಿಯಾಗಿಯೇ ಇತ್ತು.

"ಹೌದು. ಮೊದಲ ಮಷೀನ್ ತಂದೆ, ಆಮ್ಯಾಲೆ ರೊಕ್ಕ ಕೂಡಿಟ್ಟೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡ್ತಿದ್ದೇನು? ಓಣಿ ತುಂಬ ಹೇಳ್ಕೊಂಡು ಅಡ್ಡಾಡ್ತಿದ್ದಿ. ನಿನ್ನ ಮಾತು ಯಾಕ ಸುಳ್ಳು ಮಾಡ್ಲಿ ಅಂತ ಸುಮ್ನಿದ್ದೆ."

ಅಪ್ಪ ಎದ್ದು ಹೊರಗೆ ಹೋದ. ಅವ್ವ ಸೆರಗಿನ ತುದಿ ಹಿಂಡುತ್ತ ಕೂತಳು. ಮ್ಯಾನೇಜರ್ ಕಂಪ್ಯೂಟರ್ ಮೇಲಿನ ಧೂಳು ಒರೆಸಿದರು.

ಸ್ವಲ್ಪ ಹೊತ್ತಿಗೆ ಅಪ್ಪ ಒಳಗೆ ಬಂದ. ಮುಖ ತೊಳೆದುಕೊಂಡಿದ್ದ. ಅವ್ವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡ.

"ಎಲ್ಲಿ ಸಹಿ ಮಾಡ್ಲಿ ಹೇಳ್ರಿ ಸಾಹೇಬ್ರ. ನಂದೂ ಒಂದು ಇರ್ಲಿ. ಮೊದಲನೇ ಸಾಲ ಮಗಳ ಓದಿಗಽ ಆಗ್ಲಿ."

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು, ಅತ್ತಳು. ನಾನೂ.

ಈಗ ಅಪ್ಪ ಮುಂದಿನ ಸೀಟಿನಿಂದ ಕಂಡಕ್ಟರಿಗೆ ಹೇಳುತ್ತಿದ್ದಾನೆ — "ನಮ್ಮಾಕಿ ಸ್ಕೋರು ಏಳ್ನೂರಾ ಎಂಬತ್ತೊಂದು ನೋಡ್ರಿ!"

"ಯಾವ ಟೀಮ್‌ನಾಗ ಆಡ್ತಾರ್ರಿ?"

ಅಕ್ಟೋಬರ್ 17

ಫೀ ಕಟ್ಟಿಯಾಯಿತು. ಕಟ್ಟಿಯಾಯಿತು! ಕಟ್ಟಿಯಾಯಿತು!! ಕೋರ್ಸ್ ಮುಗಿದು ಕೆಲಸ ಸಿಕ್ಕ ಮೇಲೆ ಕಂತು ಶುರು. ಕಂತಿನ ವಿಷಯಕ್ಕೆ ಅವ್ವನ ಟ್ಯೂಷನ್ ಮಾತ್ರ ಇವತ್ತಿನಿಂದಲೇ. ಅಪ್ಪನೂ ಕೂತು ಕೇಳುತ್ತಿದ್ದಾನೆ.

ನವೆಂಬರ್ 11, ಹುಬ್ಬಳ್ಳಿ

ವಾರ್ಡಿನಲ್ಲಿ ಮೊದಲ ದಿನ. ನನಗೆ ಕೊಟ್ಟ ಪೇಷಂಟ್ ನೌಶೀನ್, ನನ್ನದೇ ವಯಸ್ಸು. ಬೈಕಿನಿಂದ ಬಿದ್ದು ಬೆನ್ನಿಗೆ ಪೆಟ್ಟು, ಕಾಲಲ್ಲಿ ಬಲವಿಲ್ಲ. ಬೆಳಿಗ್ಗೆ ನನ್ನ ಜೊತೆ ಮಾತೇ ಆಡಲಿಲ್ಲ. ಈಗ ಕಂಬಿ ಹಿಡಿದು ನಿಂತಳು! ಒಂದೇ ಗಳಿಗೆ. ಧೊಪ್ಪನೆ ಕೂತು, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಸುಧಾರಿಸಿಕೊಳ್ಳಲಿ ಎಂದು ಬಿಟ್ಟು ಬಂದು ಇಲ್ಲಿ ಬರೆಯುತ್ತಿದ್ದೇನೆ. ಎಷ್ಟು ಕಲಿಯುವುದಿದೆ... ಮೊದಲು ಸೊಂಟದ ಹತ್ತಿರ ಹೇಗೆ ಹಿಡಿಯಬೇಕು ಎಂಬುದನ್ನು—

"ಮೇಡಂ, ಎಲ್ಲಿ ಹೋದ್ರಿ? ಇನ್ನೊಮ್ಮಿ ನಿಲ್ತೀನ್ರಿ!"

ಬಂದೆ, ಬಂ—